‘ನಾವು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು?’

ಆಟಿಸಂ ಇರುವ ಮಗನನ್ನೋ ಮಗಳನ್ನೋ ಸಾಕುತ್ತಿರುವ ತಂದೆತಾಯಿಗೆ ರಾತ್ರಿ ನಿದ್ದೆಗೆಡಿಸುವ ಪ್ರಶ್ನೆ ಇದು. ಮಗು ಚಿಕ್ಕದಿದ್ದಾಗ ಡಾಕ್ಟರು, ತರಬೇತಿ, ಶಾಲೆ ಎಂದು ಓಡಾಟ. ಹದಿನೆಂಟು ದಾಟಿತೋ, ತಟ್ಟಲು ಬಾಗಿಲುಗಳೇ ಕಡಿಮೆ. ಆಟಿಸಂ ಅಂದ್ರೆ ಮಕ್ಕಳ ಕಾಯಿಲೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಕಾಯಿಲೆಯೂ ಅಲ್ಲ, ಮಕ್ಕಳಿಗಷ್ಟೇ ಸೇರಿದ್ದೂ ಅಲ್ಲ. ಮಿದುಳು ಬೆಳೆಯುವ ರೀತಿಯೇ ಬೇರೆ, ಜೀವನಪರ್ಯಂತ ಜೊತೆಗಿರುವಂಥದ್ದು.

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬ ಸಣ್ಣ ಊರು. ಅಲ್ಲಿ 1933ರಲ್ಲಿ ಹುಟ್ಟಿದ ಡೊನಾಲ್ಡ್ ಟ್ರಿಪ್ಲೆಟ್ ವೈದ್ಯಶಾಸ್ತ್ರದ ಪ್ರಕಾರ ಆಟಿಸಂನ ‘ಒಂದನೇ ಕೇಸ್’. ಡಾ. ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಲ್ಲಿ ಮೊದಲು ಬರುವವನು ಇವನೇ. ಮೂರು ವರ್ಷದ ಹುಡುಗನನ್ನು ದೂರದ ಸಂಸ್ಥೆಯೊಂದಕ್ಕೆ ಸೇರಿಸಿದ್ದರು. ಸುಮಾರು ಒಂದು ವರ್ಷದ ಮೇಲೆ ಹೆತ್ತವರು ಮನಸ್ಸು ತಡೆಯದೆ ವಾಪಸ್ ಕರೆತಂದರು.

ಆಮೇಲೆ ಕೆಲವು ವರ್ಷ ಒಬ್ಬ ರೈತನ ಮನೆಯಲ್ಲಿ ಬಿಟ್ಟರು. ಹುಡುಗನಿಗೆ ಅಳೆಯುವ ಹುಚ್ಚು. ರೈತ ಗದರಲಿಲ್ಲ, ಬಾವಿ ತೋಡಲು ಹಚ್ಚಿ, ಎಷ್ಟು ಆಳ ಆಯ್ತು ಹೇಳು ಅಂದ. ಜೋಳದ ಸಾಲು ಎಣಿಸುವ ಚಟವೇ? ಸರಿ, ಉಳುತ್ತಾ ಎಣಿಸು ಅಂದ! ಮುಂದೆ ಡೊನಾಲ್ಡ್ ಡಿಗ್ರಿ ಮುಗಿಸಿದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ. ಕಾರು ಓಡಿಸಲು ಕಲಿತದ್ದು 27ನೇ ವಯಸ್ಸಿನಲ್ಲಿ. ತಂದೆತಾಯಿ ತೀರಿಕೊಂಡ ಮೇಲೂ ಮನೆಯಲ್ಲಿ ಒಬ್ಬನೇ ಇದ್ದು ಬಾಳಿದ. 2023ರ ಜೂನ್‌ನಲ್ಲಿ ಸತ್ತಾಗ ವಯಸ್ಸು 89.

ಬ್ಯಾಂಕು ಅವನ ತಾಯಿಯ ಮನೆತನದ್ದು, ದುಡ್ಡಿತ್ತು, ನಡೀತು ಅನ್ನಬಹುದು. ನಿಜ. ಆದರೆ ದುಡ್ಡು ಕೆಲಸ ಕೊಟ್ಟೀತು, ಊರನ್ನು ಕೊಟ್ಟೀತೇ? ಅವನ ಕಥೆ ಬರೆಯಲು ಪತ್ರಕರ್ತರು ಬಂದಾಗ, ‘ಅವನಿಗೆ ನೋವು ಮಾಡಿದ್ರೆ ನಿಮ್ಮನ್ನ ಬಿಡೋದಿಲ್ಲ’ ಎಂದು ಎಚ್ಚರಿಸಿದವರು ಅದೇ ಊರಿನ ಜನ.

ಇಲ್ಲಿ ಎರಡು ಲೆಕ್ಕವಿದೆ. ದುಡ್ಡಿನ ಲೆಕ್ಕ ಸರ್ಕಾರದ್ದು, ಊರಿನ ಲೆಕ್ಕ ನಮ್ಮದು.

ಸರ್ಕಾರದ ಲೆಕ್ಕ ನೋಡೋಣ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು. ಅದರ ಪ್ರಕಾರ ಹದಿನೆಂಟು ದಾಟಿದವರಿಗೆ ಅಗತ್ಯವಿದ್ದರೆ ಪೋಷಕರನ್ನು ನೇಮಿಸಲು ಜಿಲ್ಲಾ ಮಟ್ಟದ ಸಮಿತಿ ಇರಬೇಕು, ಜಿಲ್ಲಾಧಿಕಾರಿಗಳೂ ಅದರಲ್ಲಿರುತ್ತಾರೆ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿತು. ಸರ್ಕಾರಿ ನೌಕರಿಯಲ್ಲಿ ಶೇ. 4 ಮೀಸಲಾತಿ. ಇದರಲ್ಲಿ ಶೇ. 1 ಆಟಿಸಂಗೆ ಅಂತ ಕುಣಿಯುವ ಹಾಗಿಲ್ಲ. ಬುದ್ಧಿಮಾಂದ್ಯರು, ಮಾನಸಿಕ ಅಸ್ವಸ್ಥರು, ಕಲಿಕೆಯ ತೊಂದರೆ ಇರುವವರು, ಬಹುವಿಧ ಅಂಗವಿಕಲರು ಎಲ್ಲರಿಗೂ ಸೇರಿ ಅದೊಂದೇ ತುತ್ತು.

ಹಾಗಾಗಿ ಬಹುತೇಕರಿಗೆ ಅನ್ನ ಸಿಗಬೇಕಾದ್ದು ಪೇಟೆಬೀದಿಯಲ್ಲೇ. ಆಟಿಸಂ ಇರುವವರೆಲ್ಲ ಒಂದೇ ತರಹ ಅಲ್ಲ. ಮಾತೇ ಬಾರದವರಿದ್ದಾರೆ, ಜೀವನಪೂರ್ತಿ ಆಸರೆ ಬೇಕಾದವರಿದ್ದಾರೆ. ಆದರೆ ಸಾಮಾನು ಜೋಡಿಸುವುದು, ಎಣಿಸುವುದು, ಪೊಟ್ಟಣ ಕಟ್ಟುವುದು, ಹೀಗೆ ನಮಗೆ ಬೇಸರ ತರಿಸುವ ಕೆಲಸವನ್ನೇ ಇಷ್ಟಪಟ್ಟು ಅಚ್ಚುಕಟ್ಟಾಗಿ ಮಾಡುವವರೂ ಇದ್ದಾರೆ. ಮಾಲೀಕರು ಮಾಡಬೇಕಾದ್ದಿಷ್ಟೆ: ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮಾಡಿ ತೋರಿಸಿ, ಇವತ್ತಿನ ಕ್ರಮ ನಾಳೆ ಏಕಾಏಕಿ ಬದಲಿಸಬೇಡಿ, ಮುಖ ನೋಡಿ ಮಾತಾಡಲಿಲ್ಲ ಅಂತ ಕೋಪಿಸಬೇಡಿ. ಸಂಬಳ ಮಾತ್ರ ಸರಿಯಾಗಿ ಕೊಡಿ. ಧರ್ಮಕ್ಕೆ ಇಟ್ಟುಕೊಂಡಿದ್ದೇವೆ ಅನ್ನುವುದು ಬೇಡ.

ಬಸ್ಸಿನಲ್ಲೂ ಅಷ್ಟೆ. ಕಿವಿ ಮುಚ್ಚಿಕೊಂಡು ಕೂತ ಹುಡುಗನಿಗೆ ಹಾರನ್ನಿನ ಸದ್ದು ತಡೆಯಲಾಗದೆ ಇರಬಹುದು. ದಿನಾ ಅದೇ ಸೀಟು ಬೇಕೆಂದರೆ ಒಂದಿಷ್ಟು ಸರಿದು ಕೂತರೆ ನಮ್ಮ ಗಂಟೇನೂ ಹೋಗುವುದಿಲ್ಲ. ಒಬ್ಬನೇ ಟಿಕೆಟ್ ತಗೊಂಡು ತನ್ನ ಸ್ಟಾಪಿನಲ್ಲಿ ಇಳಿಯುವುದೇ ಅವನಿಗೆ ದೊಡ್ಡ ಸ್ವಾತಂತ್ರ್ಯ.

ಹೆತ್ತವರ ಪ್ರಶ್ನೆಗೆ ಕಾಯ್ದೆ ಅರ್ಧ ಉತ್ತರ ಬರೆದಿದೆ. ಉಳಿದರ್ಧ ಬರೆಯಬೇಕಾದವರು ಊರಿನವರು.