ಗೃಹಾಧಾರಿತ ಶಿಕ್ಷಣವೋ, ಗೃಹಬಂಧನವೋ?



ಹೊನ್ನಾಳಿ ಸೀಮೆಯಲ್ಲಿ ನೀವು ಚೆನ್ನಾಗಿ ಬಲ್ಲ ಒಂದು ಗ್ರಾಮವನ್ನು ಸ್ಮರಿಸಿಕೊಳ್ಳಿರಿ. ಅಲ್ಲಿಯ ಯಾವುದೋ ಒಂದು ಒಳಮನೆಯಲ್ಲಿ ಕತ್ತು ನಿಲ್ಲದ ಮಗುವೋ, ಮಾತು ಬಾರದ ಮಗುವೋ, ಪದೇ ಪದೇ ಮೂರ್ಛೆಗೆ ಸಿಲುಕುವ ಮಗುವೋ ಇದ್ದೀತು. ಅದು ಜಾತ್ರೆಗೆ ಬರುವುದಿಲ್ಲ, ಮದುವೆಯ ಮನೆಗೆ ಬರುವುದಿಲ್ಲ. ಶಾಲೆಯ ದಾಖಲೆಯಲ್ಲಿ ಮಾತ್ರ ಅದರ ಹೆಸರುಂಟು. ಆ ಹೆಸರಿನ ಮುಂದೆ ‘ಗೃಹಾಧಾರಿತ ಶಿಕ್ಷಣ’ ಎಂಬ ಗಂಭೀರವಾದ ಮಾತನ್ನು ಬರೆದುಬಿಟ್ಟು ನಾವೆಲ್ಲರೂ ನಿಶ್ಚಿಂತರಾಗಿದ್ದೇವೆ. ಈ ನಿಶ್ಚಿಂತೆ ಅನ್ಯಾಯದ್ದೆಂಬುದೇ ನನ್ನ ವಾದ.

೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಗೆ ೨೦೧೨ರಲ್ಲಿ ಒಂದು ತಿದ್ದುಪಡಿಯಾಯಿತು. ಬಹುವಿಧದ ಅಥವಾ ತೀವ್ರತರದ ಅಂಗವೈಕಲ್ಯವುಳ್ಳ ಮಗು ಮನೆಯಲ್ಲಿಯೇ ಶಿಕ್ಷಣ ಪಡೆಯುವುದನ್ನು ಆಯ್ದುಕೊಳ್ಳಬಹುದೆಂದು ಅದು ಹೇಳುತ್ತದೆ. ‘ಆಯ್ದುಕೊಳ್ಳಬಹುದು’ ಎಂಬ ಮಾತನ್ನು ಮತ್ತೊಮ್ಮೆ ಓದಿರಿ. ಆಯ್ಕೆ ಮಗುವಿನದು, ಅದರ ಪರವಾಗಿ ಹೆತ್ತವರದು. ಶಾಲೆಯದಲ್ಲ, ಅಧಿಕಾರಿಯದೂ ಅಲ್ಲ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಾದರೋ ೨೧ ಬಗೆಯ ವೈಕಲ್ಯಗಳನ್ನು ಹೆಸರಿಸಿ, ಶೇಕಡಾ ೪೦ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ ೬ರಿಂದ ೧೮ ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕನ್ನು ಕೊಟ್ಟಿದೆ. ಆದರೆ ಶಾಲೆಯ ಮೆಟ್ಟಿಲಿಗೆ ಇಳಿಜಾರಿಲ್ಲ. ಶೌಚಕ್ಕೆ ಕರೆದೊಯ್ಯಲು ಆಳಿಲ್ಲ. ಮಗುವನ್ನು ಹೊತ್ತು ತರಲು ವಾಹನವಿಲ್ಲ. “ಮನೆಯಲ್ಲೇ ಇರಲಿ ಬಿಡಮ್ಮ, ನಿನಗೂ ಅನುಕೂಲ” ಎಂಬ ಸವಿಮಾತೊಂದು ಮಾತ್ರ ಇದೆ. ಎರಡನೆಯ ದಾರಿಯೇ ಇಲ್ಲದ ತಾಯಿ ಹಾಕಿದ ಹೆಬ್ಬೆಟ್ಟನ್ನು ಆಯ್ಕೆಯೆಂದು ಕರೆಯುವುದು ಯಾವ ನ್ಯಾಯ?

ತಾಯಿಯೇ ಮೊದಲ ಗುರುವಲ್ಲವೇ, ಮನೆಯೇ ಮೊದಲ ಪಾಠಶಾಲೆಯಲ್ಲವೇ ಎಂದು ಕೆಲವರು ಕೇಳುವರು. ಅಹುದು. ಆದರೆ ಗುರುವಾಗುವವರಿಗೆ ತರಬೇತಿ ಬೇಕು, ವೇತನ ಬೇಕು, ವಿಶ್ರಾಂತಿ ಬೇಕು ಎಂದು ಉಳಿದ ಗುರುಗಳ ವಿಷಯದಲ್ಲಿ ಒಪ್ಪುವ ನಾವು ಈಕೆಯ ವಿಷಯದಲ್ಲಿ ಮಾತ್ರ ಪ್ರಶಂಸೆಯೊಂದೇ ಸಾಕೆನ್ನುತ್ತೇವೆ. ಆಕೆ ಮಾಡಬೇಕಾದುದೇನೆಂಬುದನ್ನು ಸ್ವಲ್ಪ ನೋಡಿರಿ. ಮಿದುಳಿನ ಪಾರ್ಶ್ವವಾಯುವಿರುವ ಮಗುವಿಗೆ ಮಲಗಿಸಿಕೊಂಡು ಗಂಜಿ ಹಾಕಿದರೆ ಅದು ಶ್ವಾಸನಾಳಕ್ಕಿಳಿದು ಪುಪ್ಪುಸಕ್ಕೆ ಕೇಡಾಗಬಹುದು; ಬೆನ್ನಿಗೂ ಕತ್ತಿಗೂ ಆಸರೆ ಕೊಟ್ಟು, ನೇರವಾಗಿ ಕೂರಿಸಿ, ತುತ್ತು ನುಂಗಿದ್ದನ್ನು ಕಂಡ ಮೇಲೆಯೇ ಮತ್ತೊಂದು ತುತ್ತು ಕೊಡಬೇಕು. ಕೈಕಾಲುಗಳು ಸೆಟೆದು ಕೀಲುಗಳು ಬಿಗಿದುಹೋಗದಂತೆ ಪ್ರತಿದಿನವೂ ಆಡಿಸಬೇಕು. ಮೂರ್ಛೆರೋಗದ ಔಷಧವನ್ನು ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಕೂಡದು. ಕಿವಿ ಕೇಳದ ಮಗುವಿನೊಡನೆ ಬೆಳಕಿನಲ್ಲಿ ಮುಖಕ್ಕೆ ಮುಖವಿಟ್ಟು ಮಾತನಾಡಬೇಕು, ಸನ್ನೆಯ ಭಾಷೆಯನ್ನು ತಾನೂ ಕಲಿಯಬೇಕು. ಅಡಿಕೆಯನ್ನೋ ಮೆಕ್ಕೆಜೋಳದ ಕಾಳನ್ನೋ ಎಣಿಸಲು ಕಲಿಸುವುದು, ಅಂಗಿ ತೊಡುವ ಕೆಲಸವನ್ನು ಹತ್ತು ಸಣ್ಣ ಹೆಜ್ಜೆಗಳಾಗಿ ಒಡೆದು ಒಂದೊಂದನ್ನೇ ಅಭ್ಯಾಸ ಮಾಡಿಸುವುದು, ಇವೆಲ್ಲ ಶಾಸ್ತ್ರವೇ. ಮಾತೃವಾತ್ಸಲ್ಯದಿಂದ ತಾನಾಗಿ ಬರುವ ವಿದ್ಯೆಯಲ್ಲ.

ಕಲಿಸಿದರೆ ಬರುತ್ತದೆಂಬುದಕ್ಕೆ ಮೈಸೂರು ಸಾಕ್ಷಿ. ೧೯೬೫ರಲ್ಲಿ ಅಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಶ್ರವಣದೋಷವುಳ್ಳ ಮಕ್ಕಳಿಗೆ ಕಲಿಸುವುದರ ಜೊತೆಗೆ ತಾಯಂದಿರಿಗೂ ಕಲಿಸುತ್ತ ಬಂದಿದೆ. ಮಗುವಿನ ಮಗ್ಗುಲಲ್ಲಿ ಕುಳಿತು ತಾಯಿಯೂ ಪಾಠ ಕಲಿತ ಮೇಲೆ ಮನೆ ನಿಜವಾಗಿಯೂ ಶಾಲೆಯಾಗುತ್ತದೆ. ಹೊನ್ನಾಳಿಯ ತಾಯಿಗೆ ಅಂತಹ ಪಾಠ ಎಲ್ಲಿದೆ? ಜಿಲ್ಲಾ ಆಸ್ಪತ್ರೆಯೆಂದರೆ ದಾವಣಗೆರೆ, ಇಲ್ಲವೇ ಶಿವಮೊಗ್ಗ. ಎಂಟು ವರ್ಷದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತುವವಳಿಗೆ ಎರಡೂ ದೂರವೇ, ಎರಡಕ್ಕೂ ಒಂದು ದಿನದ ಕೂಲಿ ಖೋತಾ. ಮನೆಗೆ ಬಂದು ಕಲಿಸಲೆಂದು ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರನ್ನು ಸರಕಾರವು ನೇಮಿಸಿರುವುದು ನಿಜ. ಅವರನ್ನು ನಾನು ದೂರುವುದಿಲ್ಲ. ಇಡೀ ತಾಲ್ಲೂಕನ್ನು ಕೈಬೆರಳೆಣಿಕೆಯ ಜನ ಸುತ್ತಬೇಕೆಂದವರನ್ನು ದೂರುತ್ತೇನೆ. ೨೦೨೪ರ ರಾಜ್ಯದ ಮುಂಗಡಪತ್ರದಲ್ಲಿ ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ ಮೊದಲಾದ ನಾಲ್ಕು ಸ್ಥಿತಿಗಳಲ್ಲಿರುವವರ ಆರೈಕೆದಾರರಿಗೆ ತಿಂಗಳಿಗೆ ೧,೦೦೦ ರೂಪಾಯಿ ಘೋಷಿಸಲಾಯಿತು. ಸ್ವಾಗತಾರ್ಹ. ಆದರೆ ಬುದ್ಧಿಮಾಂದ್ಯವುಳ್ಳ ಮಗುವಿನ ತಾಯಿ ಆ ಪಟ್ಟಿಯಲ್ಲಿ ಇರಲಿಲ್ಲ. ಆಕೆಯ ಹಗಲು ರಾತ್ರಿಗಳು ಹಗುರವೇ?

ಹೆಸರುಗಳಿಗೇನೋ ನಮ್ಮಲ್ಲಿ ಕೊರತೆಯಿಲ್ಲ. ಅಂಗವಿಕಲರೆಂದೆವು, ವಿಕಲಚೇತನರೆಂದೆವು, ವಿಶೇಷಚೇತನರೆಂದೆವು. ಶಾಲೆಯ ಮೆಟ್ಟಿಲುಗಳು ಮಾತ್ರ ಇದ್ದಷ್ಟೇ ಎತ್ತರವಾಗಿವೆ.

ಇನ್ನು, “ಅದರ ಪೂರ್ವಜನ್ಮದ ಕರ್ಮ, ಯಾರೇನು ಮಾಡಲಾದೀತು” ಎನ್ನುವವರಿಗೆ ಒಂದು ಮಾತು. ದೃಷ್ಟಿಹೀನ ಬಾಲಕನೊಬ್ಬನನ್ನು ಕಂಡಾಗ ಹಾನಗಲ್ಲ ಕುಮಾರಸ್ವಾಮಿಗಳು ಹೀಗೆಂದು ಮುಖ ತಿರುಗಿಸಿದ್ದರೆ ನಾಡಿಗೆ ಪಂಚಾಕ್ಷರಿ ಗವಾಯಿಗಳು ದೊರೆಯುತ್ತಿರಲಿಲ್ಲ. ಅವರಿಲ್ಲದಿದ್ದರೆ, ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡು ೨೦೧೦ರಲ್ಲಿ ಪದ್ಮಭೂಷಣರಾದ ಪುಟ್ಟರಾಜ ಗವಾಯಿಗಳು ದೊರೆಯುತ್ತಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವೂ ಇರುತ್ತಿರಲಿಲ್ಲ. ಆದರೆ ಈ ನಿದರ್ಶನವನ್ನು ತಪ್ಪಾಗಿ ಬಳಸುವವರೂ ಉಂಟು. ಗವಾಯಿಗಳಾಗುವ ಮಗುವಿಗೆ ಮಾತ್ರವೇ ಶಿಕ್ಷಣವೇ? ಕಂಠವೂ ಇಲ್ಲದ, ಸ್ಮರಣೆಯೂ ಇಲ್ಲದ, ತನ್ನ ಕೈಯಿಂದ ಒಂದು ತುತ್ತು ಅನ್ನವನ್ನು ಬಾಯಿಗಿಟ್ಟುಕೊಳ್ಳಲು ಮೂರು ವರ್ಷ ಹಿಡಿಯುವ ಮಗುವಿಗೆ ಆ ಮೂರು ವರ್ಷ ವಿದ್ಯಾಭ್ಯಾಸವೇ ಹೌದು. ಆ ತುತ್ತು ಅದರ ಪದವಿ.

ನಮ್ಮ ಸೀಮೆಯಲ್ಲಿ ಮಠಗಳ ದಾಸೋಹ ಮಂದಿರಗಳುಂಟು, ಸಮುದಾಯ ಭವನಗಳುಂಟು. ಮಧ್ಯಾಹ್ನದ ವೇಳೆ ಅವುಗಳಲ್ಲಿ ಎಷ್ಟೋ ಬರಿದಾಗಿರುತ್ತವೆ. ವಾರಕ್ಕೆ ಎರಡು ದಿನ ಇಂತಹ ಮಕ್ಕಳೂ ತಾಯಂದಿರೂ ಅಲ್ಲಿ ಸೇರಲಿ. ಸಂಪನ್ಮೂಲ ಶಿಕ್ಷಕರೂ ಅಂಗಸಾಧನೆ ಮಾಡಿಸಬಲ್ಲವರೂ ಮನೆ ಮನೆ ಅಲೆಯುವ ಬದಲು ಅಲ್ಲಿಗೆ ಬರಲಿ. ಕರೆತರುವ ವಾಹನದ ವೆಚ್ಚವನ್ನು ಊರು ವಹಿಸಲಿ. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ವಾಚಕರು ಮುಂದಿನ ದಾಖಲಾತಿಯ ಸಮಯದಲ್ಲಿ ಮುಖ್ಯೋಪಾಧ್ಯಾಯರನ್ನು ಮೂರು ಪ್ರಶ್ನೆ ಕೇಳಲಿ: ಮನೆಯಲ್ಲಿ ಕಲಿಯುವುದಾಗಿ ಒಪ್ಪಿದ ತಾಯಿಗೆ ಶಾಲೆಗೂ ಬರಬಹುದೆಂದು ಯಾರು ಓದಿ ಹೇಳಿದರು? ಶಿಕ್ಷಕರು ಆ ಮನೆಗೆ ಕೊನೆಯ ಬಾರಿ ಹೋದದ್ದು ಯಾವಾಗ? ಆ ಭೇಟಿಯ ಪುಸ್ತಕ ಯಾರ ಬಳಿ ಇದೆ? ಕಛೇರಿಯಲ್ಲಿ ಎಂದು ಉತ್ತರ ಬಂದರೆ, ಅದನ್ನು ಅಂದೇ ತಾಯಿಯ ಕೈಗೆ ಕೊಡಿಸಿರಿ.