ಅರ್ಧ ನಿಮಿಷದ ತಾಳ್ಮೆ

ಬಣ್ಣದ ಬೊಂಬೆಗಳ ಊರಾದ ಚನ್ನಪಟ್ಟಣದ ಗೃಹಸ್ಥರೊಬ್ಬರು ಹಳೆಯ ವಾಲ್ವ್ ಪ್ರೀ-ಆಂಪ್ಲಿಫೈಯರೊಂದನ್ನು ಕೊಂಡುತಂದಾಗ, “ಮನೆಯಲ್ಲಿ ಗುಜರಿಗೇನು ಬರವೇ?” ಎಂದರು ಅವರ ಮಡದಿ.

ಗ್ರಾಮಫೋನು ಮುಳ್ಳಿನ ಕ್ಷೀಣ ಸಂಕೇತವನ್ನು ಹಿಗ್ಗಿಸಿ ಮುಂದಿನ ಆಂಪ್ಲಿಫೈಯರಿಗೆ ಒಪ್ಪಿಸುವುದು ಅದರ ಕೆಲಸ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಇಂಥ ವಾಲ್ವುಗಳ ತಯಾರಿಕೆಯನ್ನು 1961ರಲ್ಲಿ ಆರಂಭಿಸಿತ್ತು. ಟ್ರಾನ್ಸಿಸ್ಟರು ಬಂದು ಅವನ್ನು ಮೂಲೆಗೊತ್ತಿತು.

ಹಳೆಯದನ್ನು ಕೊಂಡವರು ಆತುರಪಡಬಾರದು. ಒಳಗೆ 200 ವೋಲ್ಟಿಗೂ ಮಿಕ್ಕ ವಿದ್ಯುತ್ತು ಹರಿಯುತ್ತದೆ. ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಅಡಗಿ ಕುಳಿತಿರುತ್ತದೆ. ಮುದಿಯಾದ ಕೆಪಾಸಿಟರುಗಳನ್ನು ಬಲ್ಲವರಿಂದ ಬದಲಾಯಿಸಿದ ಬಳಿಕವೇ ಗೃಹಸ್ಥರು ಗುಂಡಿ ಒತ್ತಿದರು. ಮೌನ! ತಂತು ಕಾದು ಕೆಂಪೇರಲು ಅರ್ಧ ನಿಮಿಷ ಬೇಕಾಯಿತು.

ಆಮೇಲೆ ಚೌಡಯ್ಯನವರ ಏಳು ತಂತಿಯ ಪಿಟೀಲು ಮನೆಯನ್ನೆಲ್ಲ ತುಂಬಿತು. ಅಡಿಗೆಮನೆಯಿಂದ ಬಂದ ಮಡದಿ ಸದ್ದಿಲ್ಲದೆ ಕುಳಿತರು. ಗುಜರಿಯ ಮಾತು ಮತ್ತೆ ಹೊರಡಲಿಲ್ಲ.