ಬೋನಸ್ಸು ಮೊದಲು, ಲೆಕ್ಕ ಆಮೇಲೆ

ಅಮೆರಿಕದಲ್ಲಿ ಮಾಜಿ ಸೈನಿಕರಿಗೆಂದೇ ಒಂದು ದೊಡ್ಡ ಇಲಾಖೆ ಉಂಟು. ಡಿಪಾರ್ಟ್‌ಮೆಂಟ್ ಆಫ್ ವೆಟರನ್ಸ್ ಅಫೇರ್ಸ್ ಅಂತ ಉದ್ದ ಹೆಸರು, ಅಲ್ಲಿನವರ ಬಾಯಲ್ಲಿ ಬರೀ ವಿ.ಎ. ಆಸ್ಪತ್ರೆ, ಪಿಂಚಣಿ, ಅಂಗವೈಕಲ್ಯದ ಭತ್ಯೆ, ಕೊನೆಗೆ ಮಣ್ಣು ಮಾಡುವ ಜಾಗ, ಎಲ್ಲವೂ ಅದರದ್ದೇ ಜವಾಬ್ದಾರಿ. ಈ ಇಲಾಖೆಯ ಸುಮಾರು ಇಪ್ಪತ್ತು ವರ್ಷದ ದುಡ್ಡಿನ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಒಂದೇ ಸಿಟ್ಟು. ಸಂಸತ್ತು ಪ್ರತಿಸಲವೂ ದುಡ್ಡು ಹೋದ ಮೇಲೆಯೇ ಲೆಕ್ಕ ಕೇಳಿದೆ.

2005ರಿಂದಲೇ ಶುರು ಮಾಡೋಣ. ಆ ಏಪ್ರಿಲ್‌ನಲ್ಲಿ ಇಲಾಖೆಯ ಮುಖ್ಯಸ್ಥ ಜಿಮ್ ನಿಕಲ್ಸನ್ ಸೆನೆಟ್‌ಗೆ ಪತ್ರ ಬರೆದು, ಹೆಚ್ಚುವರಿ ಹಣ ಬೇಡ ಅಂದರು. ಜೂನ್‌ನಲ್ಲಿ ಅದೇ ಇಲಾಖೆ, ನೂರು ಕೋಟಿ ಡಾಲರ್ ಸಾಲದು ಎಂದು ಬಾಯಿಬಿಟ್ಟಿತು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಬಜೆಟ್ ಹಾಕಿದ್ದು 2002ರ ಅಂಕಿಗಳ ಮೇಲೆ, ಅಂದರೆ ಇರಾಕ್ ಯುದ್ಧಕ್ಕೂ ಮೊದಲಿನವು! ಇರಾಕ್, ಆಫ್ಘಾನಿಸ್ತಾನದಿಂದ ಹಿಂತಿರುಗಿದ ಸುಮಾರು 23,500 ಮಂದಿ ಚಿಕಿತ್ಸೆಗೆ ಬರುತ್ತಾರೆ ಅಂತ ಅಂದಾಜು. ಆಮೇಲೆ ಲೆಕ್ಕ ತಿದ್ದಿದಾಗ ಅದು 1,03,000 ಆಯಿತು. ಯುದ್ಧ ನಡೆಯುತ್ತಿದೆ, ಗಾಯಾಳುಗಳು ಬರುತ್ತಿದ್ದಾರೆ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಇನ್ನೂ ಶಾಂತಿ. ಸಂಸತ್ತು ಅವಸರದಲ್ಲಿ 150 ಕೋಟಿ ಡಾಲರ್ ಕೊಟ್ಟಿತು.

ಇಷ್ಟಕ್ಕೇ ಮುಗಿದಿದ್ದರೆ ಅದೊಂದು ತಪ್ಪು ಅಂದಾಜು ಅಂತ ಬಿಟ್ಟುಬಿಡಬಹುದಿತ್ತು. ಆದರೆ 2007ರ ಮೇ ತಿಂಗಳಲ್ಲಿ ಅಸೋಸಿಯೇಟೆಡ್ ಪ್ರೆಸ್ ಇನ್ನೊಂದು ಸುದ್ದಿ ಹೊರಗೆ ತಂದಿತು. 2006ರಲ್ಲಿ ಹಿರಿಯ ಅಧಿಕಾರಿಗಳಿಗೆ ಒಟ್ಟು 38 ಲಕ್ಷ ಡಾಲರ್ ಬೋನಸ್ ಸಂದಿತ್ತು. ಕೆಲವರಿಗೆ 33,000 ಡಾಲರ್ ತನಕ. ಆ ಎಡವಟ್ಟು ಬಜೆಟ್ ತಯಾರಿಸಿದವರೂ ಪಟ್ಟಿಯಲ್ಲಿದ್ದರು. ಕೆಳಮನೆಯ ಸಮಿತಿ ಜೂನ್‌ನಲ್ಲಿ ವಿಚಾರಣೆ ಮಾಡಿತು, ಅಧ್ಯಕ್ಷ ಬಾಬ್ ಫಿಲ್ನರ್ ಗುಡುಗಿದರು. ಮುಂದೆ? ಬೋನಸ್ ಪದ್ಧತಿ ತನ್ನ ಪಾಡಿಗೆ ನಡೆಯಿತು.

2014ರ ಫೀನಿಕ್ಸ್ ಪ್ರಕರಣ ಮೇಷ್ಟ್ರುಗಳೆಲ್ಲ ಓದಬೇಕಾದದ್ದು. ರೋಗಿಗೆ 14 ದಿನದೊಳಗೆ ವೈದ್ಯರು ಸಿಗಬೇಕು ಎಂಬ ಗುರಿ ಇಟ್ಟು, ಅದನ್ನು ಅಧಿಕಾರಿಗಳ ಮೌಲ್ಯಮಾಪನಕ್ಕೆ, ಆ ಮೂಲಕ ಬೋನಸ್ಸಿಗೆ ಜೋಡಿಸಿದ್ದರು. ಆಗಿದ್ದೇನು? ಕಾಯುವ ದಿನ ಕಡಿಮೆಯಾಗಲಿಲ್ಲ, ಕಾಗದದ ಮೇಲಿನ ಸಂಖ್ಯೆ ಕಡಿಮೆಯಾಯಿತು. ಇಲಾಖೆಯ ಸ್ವತಂತ್ರ ತನಿಖಾಧಿಕಾರಿ 226 ಮಂದಿಯ ದಾಖಲೆ ತೆಗೆದು ನೋಡಿದಾಗ, ಪುಸ್ತಕದಲ್ಲಿ ಸರಾಸರಿ 24 ದಿನ, ನಿಜವಾಗಿ 115 ದಿನ. ಇನ್ನು 1,700 ಮಂದಿಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಎ.ಇ.ಓ. ಬರುವ ದಿನ ಶಾಲೆಯ ದಾಖಲೆಗಳು ಹೇಗೆ ಥಳಥಳ ಹೊಳೆಯುತ್ತವೆ ಅಂತ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಬಿಡಿ.

ಅದೇ ಜೂನ್‌ನ ವಿಚಾರಣೆಯಲ್ಲಿ ಗೊತ್ತಾದ ಸಂಗತಿ ಇನ್ನೂ ಚೆನ್ನಾಗಿದೆ. ಇಲಾಖೆಯ 470 ಹಿರಿಯ ಅಧಿಕಾರಿಗಳಲ್ಲಿ ಒಬ್ಬರಿಗೂ ನಾಲ್ಕು ವರ್ಷಗಳಲ್ಲಿ 'ಪೂರ್ಣ ಯಶಸ್ವಿ'ಗಿಂತ ಕೆಳಗಿನ ದರ್ಜೆ ಬಂದಿರಲಿಲ್ಲ. ನನ್ನ ಕ್ಲಾಸಿನಲ್ಲಿ ಎಲ್ಲರೂ ನಾಲ್ಕು ವರ್ಷ ಫಸ್ಟ್ ಕ್ಲಾಸ್ ಬಂದರೆ ನಾನು ಮಕ್ಕಳನ್ನಲ್ಲ, ಪ್ರಶ್ನೆಪತ್ರಿಕೆಯನ್ನು ಸಂಶಯಿಸುತ್ತೇನೆ. ಮುಖ್ಯಸ್ಥ ಎರಿಕ್ ಶಿನ್‌ಸೆಕಿ ಅಷ್ಟರಲ್ಲಿ ರಾಜೀನಾಮೆ ಕೊಟ್ಟಾಗಿತ್ತು. ಆಗಸ್ಟ್‌ನ ಕಾನೂನು ಇಲಾಖೆಯ ಒಟ್ಟು ಬೋನಸ್ಸಿಗೆ ವರ್ಷಕ್ಕೆ 36 ಕೋಟಿ ಡಾಲರ್ ಮಿತಿ ಹಾಕಿತು. ಮಿತಿ ಹಾಕಿದ್ದು ಮೊತ್ತಕ್ಕೆ. ಮಾರ್ಕು ಹಾಕುವ ಕ್ರಮಕ್ಕಲ್ಲ.

ಬೋನಸ್ಸೇ ಪಾಪ ಎನ್ನುವವನು ನಾನಲ್ಲ. ಖಾಸಗಿ ಆಸ್ಪತ್ರೆ ಹೆಚ್ಚು ಸಂಬಳ ಕೊಟ್ಟು ಎಳೆದುಕೊಳ್ಳುವ ನರ್ಸನ್ನು ಉಳಿಸಿಕೊಳ್ಳಲು ಏನಾದರೂ ಕೊಡಲೇಬೇಕು. 2022ರ ಪ್ಯಾಕ್ಟ್ ಕಾಯಿದೆಯಲ್ಲಿ ವಿಶೇಷ ಪ್ರೋತ್ಸಾಹಧನ ಇಟ್ಟದ್ದು ಅಂಥದೇ ಉದ್ದೇಶಕ್ಕೆ, ಸಿಗುವುದು ಕಷ್ಟವಾದ ಕೌಶಲ ಇರುವವರಿಗೆ. ಅದು ಹೋದದ್ದು ಎಲ್ಲಿಗೆ? ವಾಷಿಂಗ್ಟನ್ನಿನ ಕೇಂದ್ರ ಕಚೇರಿಯ 182 ಹಿರಿಯ ಅಧಿಕಾರಿಗಳಿಗೆ 1 ಕೋಟಿ 8 ಲಕ್ಷ ಡಾಲರ್! 2023ರಲ್ಲಿ ಇದು ತಿಳಿದಾಗ ಮುಖ್ಯಸ್ಥ ಡೆನಿಸ್ ಮೆಕ್‌ಡೊನೊ ತಾವೇ ರದ್ದುಮಾಡಿ, ಸಂಸತ್ತಿಗೆ ತಿಳಿಸಿ, ತನಿಖೆ ಕೇಳಿದರು. ಅದಕ್ಕೆ ಶಹಬ್ಬಾಸ್ ಅನ್ನಲೇಬೇಕು. ಆದರೆ 2024ರ ಮೇನಲ್ಲಿ ಬಂದ ತನಿಖಾ ವರದಿಯ ಪ್ರಕಾರ, ಹಣ ಕೊಟ್ಟದ್ದಕ್ಕೆ ಸರಿಯಾದ ಸಮರ್ಥನೆಯೇ ಇರಲಿಲ್ಲ.

ಎರಡೇ ತಿಂಗಳಲ್ಲಿ ಮತ್ತೆ 'ದುಡ್ಡು ಸಾಲದು' ರಾಗ. ಜುಲೈ 2024ರಲ್ಲಿ ಇಲಾಖೆ, ಪಿಂಚಣಿ-ಭತ್ಯೆಗೆ ತಕ್ಷಣ 288 ಕೋಟಿ ಡಾಲರ್ ಬೇಕು, ಮುಂದಿನ ವರ್ಷದ ಆಸ್ಪತ್ರೆ ಖರ್ಚಿಗೆ ಇನ್ನೂ 1,200 ಕೋಟಿ ಬೇಕು ಅಂದಿತು. ಕೊಡದಿದ್ದರೆ ಅಕ್ಟೋಬರ್ 1ರ ಹಣ ತಪ್ಪಬಹುದು ಎಂಬ ಬೆದರಿಕೆ ಬೇರೆ. ಪಿಂಚಣಿ ನಂಬಿದ ಮುದುಕರಿಗೆ ಹೇಗಾಗಿರಬೇಕು! ಸೆಪ್ಟೆಂಬರ್‌ನಲ್ಲಿ ಸಂಸತ್ತು 288 ಕೋಟಿ ಮಂಜೂರು ಮಾಡಿತು. ಆರ್ಥಿಕ ವರ್ಷ ಮುಗಿದು ಲೆಕ್ಕ ಹಾಕಿದರೆ ಆ ಖಾತೆಯಲ್ಲಿ 500 ಕೋಟಿಗೂ ಹೆಚ್ಚು ಡಾಲರ್ ಉಳಿದಿತ್ತು. ಆಸ್ಪತ್ರೆಯ 1,200 ಕೋಟಿಯ ಬೇಡಿಕೆಯೂ ಸುಮಾರು ಅರ್ಧಕ್ಕೆ ಇಳಿಯಿತು.

2005ರಲ್ಲಿ ಇಲ್ಲದ ಹಣವನ್ನು ಇದೆ ಅಂದರು, 2024ರಲ್ಲಿ ಇದ್ದ ಹಣವನ್ನು ಇಲ್ಲ ಅಂದರು. ಸಂಸತ್ತು ಎರಡನ್ನೂ ನಂಬಿತು. ಅಧಿಕಾರಿಗಳನ್ನು ಮಾತ್ರ ಬೈದು ಏನು ಪ್ರಯೋಜನ? ಟಿ.ವಿ. ಎದುರು ಮೇಜು ಗುದ್ದುವ ಸದಸ್ಯರು, ಮೂರು ತಿಂಗಳಿಗೊಮ್ಮೆ 'ಎಷ್ಟು ಮಂದಿ ಬಂದರು, ನೀವು ಎಷ್ಟು ಅಂದುಕೊಂಡಿದ್ದಿರಿ' ಎಂಬ ನೀರಸ ಪ್ರಶ್ನೆಯನ್ನು ಬಿಡದೆ ಕೇಳಿದ್ದರೆ 23,500 ಎಂಬ ಅಂಕಿ 2004ರಲ್ಲೇ ಸಿಕ್ಕಿಬೀಳುತ್ತಿತ್ತು. ಆ ಉತ್ತರ ಬರುವ ತನಕ ಬಜೆಟ್ ಬರೆದವರ ಬೋನಸ್ಸನ್ನು ತಡೆಹಿಡಿಯಲು ಹೊಸ ಇಲಾಖೆಯೇನೂ ಬೇಕಿಲ್ಲ, ಕಾಯಿದೆಯಲ್ಲಿ ಒಂದು ಸಾಲು ಸಾಕು.